ಮೂಕಪ್ರಾಣಿಗಳ ವಕಾಲತ್ತು: ನ್ಯಾಯಾಲಯವೂ ಶ್ರಾವಕಧರ್ಮವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

  

ಪ್ರತಿಷ್ಠಾ ಮಹೋತ್ಸವದಲ್ಲಿ ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಐದು ಕಲ್ಯಾಣಗಳೂ ವಿಧಿಪೂರ್ವಕವಾಗಿ ನೆರವೇರುತ್ತವೆ. ಕೇವಲಜ್ಞಾನ ಕಲ್ಯಾಣದ ದಿನ ಸಮವಸರಣದ ರಚನೆಯನ್ನು ಕಂಡು ಭಕ್ತಾದಿಗಳು ಧನ್ಯರಾಗುತ್ತಾರೆ. ಆ ಸಮವಸರಣದಲ್ಲಿ ಹನ್ನೆರಡು ಕೋಷ್ಠಗಳಿರುವುದೆಂದೂ, ಅವುಗಳಲ್ಲಿ ಒಂದು ತಿರ್ಯಂಚ ಜೀವಿಗಳಿಗೆಂದೇ ಮೀಸಲಾಗಿರುವುದೆಂದೂ ಆಗಮಗಳು ಹೇಳುತ್ತವೆ. ಸಿಂಹವೂ ಹಸುವೂ, ಹಾವೂ ನವಿಲೂ ಅಲ್ಲಿ ವೈರವನ್ನು ಮರೆತು ಕುಳಿತು ಭಗವಂತನ ದಿವ್ಯಧ್ವನಿಯನ್ನು ಕೇಳುತ್ತವೆ. ದೇವೇಂದ್ರನಿಗೆ ಸ್ಥಾನವಿರುವ ಸಭೆಯಲ್ಲಿ ಎತ್ತಿಗೂ ಸ್ಥಾನವುಂಟು. ಜಗತ್ತಿನ ಧರ್ಮಸಭೆಗಳಲ್ಲಿ ಇಂತಹ ಏರ್ಪಾಡು ಅತ್ಯಂತ ವಿರಳವಾದುದು.

ಆದರೆ ಇಂದಿನ ಲೋಕದ ನ್ಯಾಯಸಭೆಯಲ್ಲಿ ಆ ಜೀವಿಗಳಿಗೆ ಕೋಷ್ಠವಿಲ್ಲ. ಎತ್ತು ವಕಾಲತ್ತು ನಾಮೆಗೆ ರುಜು ಹಾಕಲಾರದು. ಕುದುರೆ ಸಾಕ್ಷಿಯ ಕಟ್ಟೆಯನ್ನೇರಿ ತನ್ನ ಬೆನ್ನಿನ ಹುಣ್ಣನ್ನು ವಿವರಿಸಲಾರದು. ಅವುಗಳ ಪರವಾಗಿ ಯಾರಾದರೊಬ್ಬರು ಬಾಯಿ ತೆರೆಯಬೇಕು. ಆ ಬಾಯಿ ಯಾರದಾಗಬೇಕು, ಹೇಗೆ ಮಾತನಾಡಬೇಕು, ಮಾತು ಗೆದ್ದ ಮೇಲೆ ಏನು ಮಾಡಬೇಕು ಎಂಬುದೇ ಈ ಉಪನ್ಯಾಸದ ವಿಷಯವಾಗಿರುತ್ತದೆ.

ಶ್ರಾವಕನಿಗೆ ಕೋರ್ಟು ಸಲ್ಲುವುದೇ?

ಮೊದಲಿಗೆ ಒಂದು ಸಂದೇಹಕ್ಕೆ ಸಮಾಧಾನ ಹೇಳಬೇಕಾಗುತ್ತದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬುದು ಹಿರಿಯರ ಅನುಭವದ ನುಡಿ. ವ್ಯಾಪಾರಸ್ಥ ಶ್ರಾವಕರು ವ್ಯಾಜ್ಯವನ್ನು ಆದಷ್ಟು ದೂರವಿಟ್ಟು, ನಾಲ್ಕು ಜನ ಹಿರಿಯರ ಮುಂದೆ ರಾಜಿ ಮಾಡಿಕೊಳ್ಳುವುದನ್ನೇ ಸಂಪ್ರದಾಯವಾಗಿ ಇಟ್ಟುಕೊಂಡು ಬಂದಿದ್ದಾರೆ. ಕಷಾಯಗಳನ್ನು ಕಡಿಮೆ ಮಾಡಿಕೊಳ್ಳಬೇಕಾದವನು ದಾವೆ ಹೂಡಿ ಕ್ರೋಧಮಾನಗಳನ್ನು ಬೆಳೆಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದುದೇ ಆಗಿದೆ.

ಇದಕ್ಕೆ ಕರ್ನಾಟಕದ ಜೈನ ಇತಿಹಾಸವೇ ಉತ್ತರ ಕೊಡುತ್ತದೆ. ಕ್ರಿ. ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿದಾಗ, ಜೈನರು ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಉಭಯ ಪಕ್ಷದವರನ್ನೂ ಕರೆಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತು, ಅದನ್ನು ಶಿಲೆಯಲ್ಲಿ ಬರೆಸಿದನು. ಶ್ರವಣಬೆಳಗೊಳದಲ್ಲಿ ಆ ಶಾಸನವನ್ನು ಇಂದಿಗೂ ಕಾಣಬಹುದು. ಅದರಂತೆ ಪ್ರತಿಯೊಂದು ಜೈನ ಮನೆಯಿಂದಲೂ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕೆಂದು ಏರ್ಪಾಡಾಯಿತು. ನ್ಯಾಯಪೀಠದ ಮುಂದೆ ನಿಲ್ಲುವುದು ಪೂರ್ವಿಕರಿಗೆ ಕುಂದೆನಿಸಲಿಲ್ಲ. ತೀರ್ಪು ಬಂದ ಮೇಲೆ ಅದನ್ನು ನಡೆಸಿಕೊಂಡು ಹೋಗುವ ಖರ್ಚಿನ ಬಾಬತ್ತನ್ನೂ ಅವರು ಮರೆಯಲಿಲ್ಲ. ಈ ಎರಡನೆಯ ಅಂಶವನ್ನು ಸಭಿಕರು ಮನಸ್ಸಿನಲ್ಲಿಡಬೇಕು.

ತನ್ನ ಹೊಲದ ಬದುವಿಗಾಗಿ ಹೂಡುವ ದಾವೆ ಬೇರೆ, ಬಾಯಿಲ್ಲದ ಜೀವಿಗಾಗಿ ಕೊಡುವ ದೂರು ಬೇರೆ. ಮೊದಲನೆಯದರಲ್ಲಿ ಪರಿಗ್ರಹವಿದೆ, ಎರಡನೆಯದರಲ್ಲಿ ಗೆದ್ದವನಿಗೆ ದೊರೆಯುವ ಲಾಭ ಯಾವುದೂ ಇಲ್ಲ. ಬಾವೀಸನೆಯ ತೀರ್ಥಂಕರ ನೇಮಿನಾಥಸ್ವಾಮಿಯ ವೃತ್ತಾಂತ ಎಲ್ಲರಿಗೂ ತಿಳಿದಿದೆ. ವಿವಾಹದ ಮೆರವಣಿಗೆಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನ ಕಿವಿಗೆ ಬಿದ್ದಾಗ, ಅವುಗಳನ್ನು ಏಕೆ ಕೂಡಿಹಾಕಿದ್ದಾರೆಂದು ಆತನು ಮೊದಲು ವಿಚಾರಿಸಿದನು. ಆ ವಿಚಾರಣೆಯಿಂದಲೇ ಬಿಡುಗಡೆ ಉಂಟಾಯಿತು. ಕೇಳಿಯೂ ಕೇಳದಂತೆ ರಥವನ್ನು ಮುಂದಕ್ಕೆ ಹೊಡೆಸುವ ಮಾರ್ಗ ಆತನಿಗೂ ತೆರೆದೇ ಇತ್ತು.

ಐದು ಅತಿಚಾರಗಳೂ ಹನ್ನೊಂದನೆಯ ಕಲಮೂ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ. ಸಮಂತಭದ್ರ ಆಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಇವನ್ನೇ ಹೇಳಿದ್ದಾರೆ. ಜೀವಿಯನ್ನು ಬಿಗಿಯಾಗಿ ಕಟ್ಟಿಹಾಕುವುದು ಬಂಧ. ಕೋಲು ಚಾವಟಿಗಳಿಂದ ಹೊಡೆಯುವುದು ವಧ. ಅಂಗಾಂಗಗಳನ್ನು ಕತ್ತರಿಸುವುದು ಛೇದ. ಶಕ್ತಿಗೆ ಮೀರಿದ ಹೊರೆ ಹೊರಿಸುವುದು ಅತಿಭಾರಾರೋಪಣ. ವೇಳೆಗೆ ಸರಿಯಾಗಿ ಮೇವು ನೀರು ಕೊಡದಿರುವುದು ಅನ್ನಪಾನನಿರೋಧ.

ಇನ್ನು 1960ರಲ್ಲಿ ಭಾರತದ ಸಂಸತ್ತು ಅಂಗೀಕರಿಸಿದ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಹನ್ನೊಂದನೆಯ ಕಲಮನ್ನು ತೆಗೆದು ನೋಡಬೇಕು. ಹೊಡೆಯುವುದು, ಒದೆಯುವುದು, ಮಿತಿಮೀರಿ ಓಡಿಸುವುದು, ಮಿತಿಮೀರಿ ಹೇರುವುದು ಅಪರಾಧ. ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಿಂದ ಬಹಳ ಹೊತ್ತು ಕಟ್ಟಿಹಾಕುವುದು ಅಪರಾಧ. ಒಡೆಯನಾದವನು ಸಾಕಷ್ಟು ಆಹಾರ, ನೀರು, ನೆರಳು ಒದಗಿಸದಿರುವುದು ಅಪರಾಧ. ಅಂಗಚ್ಛೇದ ಮಾಡುವುದು ಅಪರಾಧ. ಶತಮಾನಗಳ ಹಿಂದೆ ಆಚಾರ್ಯರು ಅತಿಚಾರವೆಂದು ಹೆಸರಿಸಿದ ಐದನ್ನೂ ಇಪ್ಪತ್ತನೆಯ ಶತಮಾನದ ಶಾಸಕರು ಒಂದೇ ಕಲಮಿನಲ್ಲಿ ಅಪರಾಧವೆಂದು ಕರೆದಿದ್ದಾರೆ. ಆದುದರಿಂದ ಈ ಕಾಯಿದೆಯನ್ನು ಪರಕೀಯವಾದ ಸರ್ಕಾರೀ ಕಾಗದವೆಂದು ಶ್ರಾವಕನು ಭಾವಿಸಲು ಕಾರಣವಿಲ್ಲ.

ಈ ಕಾಯಿದೆಯು ಸುಲಭವಾಗಿ ಬಂದುದಲ್ಲ. ಬ್ರಿಟಿಷರ ಕಾಲದಲ್ಲಿ 1890ರ ಕಾಯಿದೆಯೊಂದಿತ್ತು. ಅದರ ವ್ಯಾಪ್ತಿ ಬಹಳ ಕಿರಿದು. ಕಲಾಕ್ಷೇತ್ರದ ಸ್ಥಾಪಕಿಯೆಂದು ನಾಡಿಗೆಲ್ಲ ಪರಿಚಿತರಾದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, 1953ರಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರ್ಕಾರವೇ ಇಂತಹ ಶಾಸನವನ್ನು ತರುವುದೆಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಆಶ್ವಾಸನೆಯಿತ್ತ ಮೇಲೆ ಮಸೂದೆಯನ್ನು ಹಿಂದಕ್ಕೆ ಪಡೆದರು. ಸಮಿತಿ ನೇಮಕವಾಗಿ, ಕೊನೆಗೆ 1960ರಲ್ಲಿ ಕಾಯಿದೆಯಾಯಿತು. 1962ರಲ್ಲಿ ಸ್ಥಾಪಿತವಾದ ಭಾರತ ಪ್ರಾಣಿಕಲ್ಯಾಣ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಮುಂದೆ ನ್ಯಾಯಾಲಯಗಳಲ್ಲಿ ದೊರೆತ ಎಷ್ಟೋ ಜಯಗಳಿಗೆ ಆ ಮಹಿಳೆಯ ಛಲವೇ ಬೀಜರೂಪವಾಗಿದೆ.

ಅನಂತರ 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ 51ಎ ಎಂಬ ಅನುಚ್ಛೇದ ಸೇರಿತು. ಸಕಲ ಜೀವಿಗಳಲ್ಲಿ ಕರುಣೆಯಿಡುವುದು ಪ್ರತಿಯೊಬ್ಬ ಪ್ರಜೆಯ ಮೂಲ ಕರ್ತವ್ಯವೆಂದು ಅದು ಸಾರಿತು. ಜೀವದಯೆಯೆಂಬುದು ಕೇವಲ ಜೈನರ ಮನೆಮಾತಾಗಿ ಉಳಿಯದೆ ದೇಶದ ಮೂಲಶಾಸನದ ಮಾತಾಯಿತು.

ವ್ಯಾಪಾರಸ್ಥರ ಗಮನಕ್ಕೆ ಬರಬೇಕಾದ ನಿಯಮಗಳೂ ಇವೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ನಿಯಮಗಳಾದುವು. ಅವುಗಳಂತೆ ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೇರುವಂತಿಲ್ಲ. ಗಾಡಿಯ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚಾಗಿ, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚಾಗಿ ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ಲಾರಿಯಲ್ಲಿ ದನಗಳನ್ನು ಸಾಗಿಸುವುದಾದರೆ 1978ರ ನಿಯಮಗಳಂತೆ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ತುಂಬುವಂತಿಲ್ಲ. ಮಂಡಿಯ ಬಾಗಿಲಿನಲ್ಲಿ ಗಾಡಿ ನಿಂತಾಗ ಧಾರಣೆಯನ್ನೂ ತೂಕವನ್ನೂ ನೋಡುವ ಕಣ್ಣು ಎತ್ತಿನ ಹೆಗಲನ್ನೂ ಒಮ್ಮೆ ನೋಡಿದರೆ, ಕೋರ್ಟಿನ ಕೆಲಸ ಅರ್ಧಕ್ಕರ್ಧ ತಪ್ಪುತ್ತದೆ.

ನ್ಯಾಯಾಲಯಗಳು ನಡೆದುಬಂದ ದಾರಿ

ನ್ಯಾಯಾಲಯದಲ್ಲಿ ಪ್ರಾಣಿಗಳ ಪಕ್ಷ ಹೇಗೆ ಸೋತಿತು, ಹೇಗೆ ಗೆದ್ದಿತು ಎಂಬುದಕ್ಕೆ ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಎತ್ತುಗಳ ವಿಷಯ. ಬಿಹಾರ, ಉತ್ತರ ಪ್ರದೇಶ, ಮಧ್ಯ ಪ್ರದೇಶಗಳು ಗೋವಧೆಯನ್ನು ನಿಷೇಧಿಸಿ ಮಾಡಿದ ಕಾಯಿದೆಗಳನ್ನು ಕಸಾಯಿ ವೃತ್ತಿಯವರು ಪ್ರಶ್ನಿಸಿದಾಗ, 1958ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಹಸು ಮತ್ತು ಕರುಗಳ ವಧೆಯ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ದುಡಿಮೆಗೆ ಬಾರದ ಎತ್ತು ಹೋರಿಗಳಿಗೆ ಆ ರಕ್ಷೆಯನ್ನು ಕೊಡಲಿಲ್ಲ. ಉಪಯೋಗವಿಲ್ಲದ ದನಗಳು ಇರುವ ಮೇವನ್ನು ತಿಂದು ಉಪಯುಕ್ತ ದನಗಳಿಗೆ ಕೊರತೆ ಮಾಡುವುವೆಂಬುದು ಅಂದಿನ ವಿಚಾರವಾಗಿತ್ತು. ಗುಜರಾತ್ ಸರ್ಕಾರವು 1994ರಲ್ಲಿ ಎಲ್ಲಾ ವಯಸ್ಸಿನ ಎತ್ತು ಹೋರಿಗಳಿಗೂ ರಕ್ಷೆಯನ್ನು ವಿಸ್ತರಿಸಿತು. 1998ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ರಾಜ್ಯ ಸರ್ಕಾರದೊಂದಿಗೆ ಗೋಸೇವೆಯ ಮತ್ತು ಜೀವದಯೆಯ ಸಂಸ್ಥೆಗಳೂ ಮೇಲ್ಮನವಿ ಸಲ್ಲಿಸಿದುವು. 2005ರ ಅಕ್ಟೋಬರ್ 26ರಂದು ಏಳು ಮಂದಿ ನ್ಯಾಯಾಧೀಶರ ಪೀಠವು ಆರು-ಒಂದರ ಬಹುಮತದಿಂದ ಗುಜರಾತಿನ ಕಾಯಿದೆಯನ್ನು ಊರ್ಜಿತಗೊಳಿಸಿತು. 1958ರಲ್ಲಿ ಇಲ್ಲದಿದ್ದ 51ಎ ಅನುಚ್ಛೇದವನ್ನು ಪೀಠವು ಪರಿಗಣಿಸಿತು. ಮುದಿ ಎತ್ತು ಕೂಡ ಸಗಣಿ ಗಂಜಲಗಳಿಂದ ಹೊಲಕ್ಕೆ ಗೊಬ್ಬರ ಕೊಡುತ್ತದೆಂಬ ಸಂಗತಿಯನ್ನು ಒಪ್ಪಿತು. ಕಣ್ಣೀರಿಗಿಂತ ದಾಖಲೆಗಳು ಅಲ್ಲಿ ಹೆಚ್ಚಿನ ಕೆಲಸ ಮಾಡಿದುವು. ಹಿಂದಿನ ತೀರ್ಪಿನಿಂದ ಈ ತೀರ್ಪಿನವರೆಗೆ ನಲವತ್ತೇಳು ವರ್ಷಗಳು ಕಳೆದಿದ್ದುವು ಎಂಬುದನ್ನೂ ಮರೆಯಲಾಗದು.

ಎರಡನೆಯದು ಸರ್ಕಸ್ಸಿನ ಪ್ರಾಣಿಗಳ ವಿಷಯ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಈ ಐದು ಜಾತಿಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರವು 1998ರ ಅಕ್ಟೋಬರಿನ ಅಧಿಸೂಚನೆಯಿಂದ ನಿಷೇಧಿಸಿತು. ಸರ್ಕಸ್ ಮಾಲಿಕರು ತಮ್ಮ ಜೀವನೋಪಾಯದ ಹಕ್ಕಿಗೆ ಧಕ್ಕೆಯಾಯಿತೆಂದು ವಾದಿಸಿದರು. 2000ದಲ್ಲಿ ಕೇರಳದ ಉಚ್ಚ ನ್ಯಾಯಾಲಯವೂ, 2001ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ವಾದವನ್ನು ಒಪ್ಪಲಿಲ್ಲ. ಹಿಂಸೆಯ ಮೇಲೆ ನಿಂತ ವ್ಯಾಪಾರಕ್ಕೆ ವ್ಯಾಪಾರ ಸ್ವಾತಂತ್ರ್ಯದ ರಕ್ಷೆ ದೊರೆಯದೆಂಬುದು ಇದರಿಂದ ಸ್ಪಷ್ಟವಾಯಿತು. ವಾಣಿಜ್ಯದಿಂದಲೇ ಜೀವನ ಸಾಗಿಸುವ ಸಮಾಜವು ಈ ಮಾತನ್ನು ವಿಶೇಷವಾಗಿ ಚಿಂತಿಸಬೇಕು.

ಮೂರನೆಯದು ಜೈನರ ಪರ್ವಕ್ಕೇ ಸಂಬಂಧಿಸಿದುದು. ಶ್ವೇತಾಂಬರ ಸಂಪ್ರದಾಯದ ಪರ್ಯೂಷಣ ಕಾಲದಲ್ಲಿ 9 ದಿನ ನಗರದ ಕಸಾಯಿಖಾನೆಗಳನ್ನು ಮುಚ್ಚಬೇಕೆಂದು ಅಹಮದಾಬಾದ್ ಮಹಾನಗರಪಾಲಿಕೆಯು 1998 ಮತ್ತು 1999ರಲ್ಲಿ ನಿರ್ಣಯ ಮಾಡಿತ್ತು. 2005ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರ ಮಾರ್ಚ್ 14ರಂದು ನಿರ್ಣಯವನ್ನು ಎತ್ತಿಹಿಡಿಯಿತು. ಜೈನ ಗುರುಗಳ ಉಪದೇಶವನ್ನು ಮನ್ನಿಸಿದ ಅಕ್ಬರ್ ಚಕ್ರವರ್ತಿಯ ಪ್ರಸಂಗವನ್ನೂ ಆ ತೀರ್ಪು ಸ್ಮರಿಸಿತು. ಒಂದು ಸಮಾಜದ ಭಾವನೆಗಾಗಿ ವರ್ಷದಲ್ಲಿ ಕೆಲವೇ ದಿನ ವ್ಯಾಪಾರವನ್ನು ನಿಲ್ಲಿಸುವುದು ಮಿತಿಮೀರಿದ ನಿರ್ಬಂಧವಲ್ಲವೆಂಬುದು ಅದರ ತಾತ್ಪರ್ಯ. ದೀರ್ಘಕಾಲ ಮುಚ್ಚಿಸಿದ್ದರೆ ತೀರ್ಪು ಬೇರೆಯಾಗಬಹುದಿತ್ತೆಂದೂ ನ್ಯಾಯಾಧೀಶರು ಸೂಚಿಸಿದರು. ಮಿತವಾಗಿ ಕೇಳಿದುದು ದೊರೆಯಿತು. ಎದುರು ಪಕ್ಷದವರ ಮನೆಯಲ್ಲಿಯೂ ಒಲೆ ಉರಿಯಬೇಕೆಂಬುದನ್ನು ನ್ಯಾಯಾಲಯ ನೆನಪಿನಲ್ಲಿಟ್ಟಿತು. ಅನೇಕಾಂತವನ್ನು ಬಲ್ಲವರೂ ಅದನ್ನು ನೆನಪಿಡಬೇಕು.

ಗೆಲುವಿನ ಮಿತಿ

ಇಷ್ಟರಿಂದ ಕೋರ್ಟೇ ಸರ್ವೌಷಧಿ ಎಂದು ಭ್ರಮಿಸುವಂತಿಲ್ಲ. 1960ರ ಕಾಯಿದೆಯಲ್ಲಿ ಹನ್ನೊಂದನೆಯ ಕಲಮಿನ ಮೊದಲ ಅಪರಾಧಕ್ಕೆ ಇರುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ಮಾತ್ರ. ಮೂರು ವರ್ಷದೊಳಗೆ ಮತ್ತೆ ಅಪರಾಧ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಒಂದು ಎತ್ತನ್ನು ಹಿಂಸಿಸಿದವನು ಐವತ್ತು ರೂಪಾಯಿ ತೆತ್ತು ಹೊರಗೆ ಬರಬಹುದೆಂದರೆ, ಅದನ್ನು ಶಿಕ್ಷೆಯೆಂದು ಯಾರೂ ಕರೆಯಲಾರರು. ದಂಡವನ್ನು ಹೆಚ್ಚಿಸಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಸಂಸತ್ತಿಗೆ ಸೂಚಿಸಿತ್ತು. ಪ್ರಾಣಿಯನ್ನು ದುರುದ್ದೇಶದಿಂದ ಕೊಂದರೆ ಅಥವಾ ಅಂಗಹೀನ ಮಾಡಿದರೆ ಮಾತ್ರ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾಗಿದೆ.

ಎರಡನೆಯದಾಗಿ, ಕಾಯಿದೆಯ ಉದ್ದೇಶ ಅನಾವಶ್ಯಕ ನೋವನ್ನು ತಡೆಯುವುದು. ಆಹಾರಕ್ಕಾಗಿ ಕೊಲ್ಲುವುದನ್ನು ಅದು ನಿಷೇಧಿಸುವುದಿಲ್ಲ. ಕಾಯಿದೆಯು ಕೃತ್ಯವನ್ನು ನೋಡಿ ನಿಲ್ಲುತ್ತದೆ. ಧರ್ಮವು ಸಂಕಲ್ಪದವರೆಗೆ ಹೋಗುತ್ತದೆ. ಕವಿ ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪ ಹಿಂಸೆಯೂ ಭವಭವಾಂತರಗಳ ದುಃಖಕ್ಕೆ ಕಾರಣವಾಯಿತೆಂಬುದನ್ನು ಕನ್ನಡಿಗರು ಬಲ್ಲರು. ಕರ್ನಾಟಕದಲ್ಲಿ ದೇವಸ್ಥಾನಗಳ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ 1959ರಲ್ಲಿಯೇ ಆಗಿ, 1963ರಲ್ಲಿ ನಿಯಮಗಳೂ ಆದುವು. ಬಲಿಯ ಕತ್ತಿಯನ್ನು ಅದು ತಡೆಯಬಲ್ಲುದು. ಬಲಿಯ ಮನಸ್ಸನ್ನು ಉಪದೇಶವೊಂದೇ ಬದಲಿಸಬಲ್ಲುದು.

ಮೂರನೆಯದಾಗಿ, ನ್ಯಾಯಾಲಯ ಕೊಟ್ಟುದನ್ನು ಶಾಸನಸಭೆ ಹಿಂದಕ್ಕೆ ತೆಗೆದುಕೊಳ್ಳಬಹುದು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರ ಪೀಠವು ತಮಿಳುನಾಡಿನ ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಪಂದ್ಯವನ್ನೂ ನಿಷೇಧಿಸಿತು. ಬಾಯಿಲ್ಲದ ಜೀವಿಗಳಿಗೆ ನ್ಯಾಯಾಲಯವೇ ಪೋಷಕನ ಸ್ಥಾನದಲ್ಲಿ ನಿಲ್ಲಬೇಕೆಂದು ಆ ತೀರ್ಪು ಹೇಳಿತು. ಅದನ್ನನುಸರಿಸಿ 2016ರ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಕಂಬಳಕ್ಕೆ ತಡೆಯಾಜ್ಞೆ ನೀಡಿತು. 2017ರಲ್ಲಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳು ಕಾಯಿದೆಗೆ ತಿದ್ದುಪಡಿ ತಂದುವು. 2023ರ ಮೇ 18ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಆ ತಿದ್ದುಪಡಿಗಳನ್ನು ಊರ್ಜಿತಗೊಳಿಸಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳಿವೆಯೆಂದು ಹೇಳಲು ಅದು ಮುಂದಾಗಲಿಲ್ಲ. ಆದರೆ ನೋವನ್ನು ತಗ್ಗಿಸುವ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಲೆ ಹೊರಿಸಿತು.

ಇಲ್ಲಿ ಸಮಾಜವು ತನ್ನ ಮನೆಯ ಕಡೆಗೂ ಕಣ್ಣು ಹಾಯಿಸಬೇಕಾಗುತ್ತದೆ. ಮೂಡಬಿದಿರೆ, ಕಾರ್ಕಳ, ವೇಣೂರುಗಳೆಂದರೆ ಬಸದಿಗಳ ನಾಡು. ಅದೇ ನಾಡು ಕಂಬಳದ ನಾಡೂ ಹೌದು. ತುಳುನಾಡಿನ ಕೆಲವು ಜೈನ ಮನೆತನಗಳು ತಲೆತಲಾಂತರದಿಂದ ಕಂಬಳಕ್ಕೆ ಪೋಷಕರಾಗಿ ನಡೆದುಬಂದಿವೆ. ಕೋಣಗಳನ್ನು ಮನೆಮಕ್ಕಳಂತೆ ಸಾಕುತ್ತಾರೆ, ಹುರುಳಿ ಬೇಯಿಸಿ ತಿನ್ನಿಸುತ್ತಾರೆ ಎಂಬ ಮಾತು ಸುಳ್ಳಲ್ಲ. ಗದ್ದೆಯಲ್ಲಿ ಬೆತ್ತದ ಏಟು ಬಿದ್ದಾಗ ಚರ್ಮದ ಮೇಲೆ ಬಾಸುಂಡೆ ಏಳುತ್ತದೆಂಬುದೂ ಸುಳ್ಳಲ್ಲ. ಕಾಯಿದೆ ಈಗ ಕಂಬಳಕ್ಕೆ ಅನುಮತಿ ಕೊಟ್ಟಿದೆ. ವ್ರತದ ಎರಡನೆಯ ಅತಿಚಾರಕ್ಕೆ ಅನುಮತಿ ಕೊಡುವ ಅಧಿಕಾರ ಯಾವ ಶಾಸನಸಭೆಗೂ ಇಲ್ಲ. ಗದ್ದೆಗೆ ಕೋಣವನ್ನಿಳಿಸುವ ಶ್ರಾವಕನು ಬೆತ್ತವನ್ನು ಮನೆಯಲ್ಲಿಯೇ ಬಿಟ್ಟು ಬರುವೆನೆಂದು ಬಸದಿಯಲ್ಲಿ ನಿಯಮ ತೆಗೆದುಕೊಂಡರೆ, ಪರಂಪರೆಗೆ ಕುಂದಾಗದು. ಬಹುಮಾನ ಒಂದೆರಡು ಕಡಿಮೆಯಾದೀತು. ಪರರ ಲಾರಿಯನ್ನು ತಡೆಯಬೇಕೆನ್ನುವ ಸಮಾಜವು ತನ್ನ ಬೆತ್ತವನ್ನು ಕೆಳಗಿಡದಿದ್ದರೆ, ನ್ಯಾಯಾಧೀಶರ ಮುಂದೆ ಅದರ ಮಾತಿಗೆ ತೂಕ ಬಾರದು.

ಸಾಧನಶುದ್ಧಿ

ಪ್ರಾಣಿಗಳ ಪರವಾಗಿ ನಿಲ್ಲುವಾಗ ಉಳಿದ ವ್ರತಗಳು ಮುರಿಯಬಾರದು. ಸುಳ್ಳು ದಾಖಲೆ ಬರೆಯುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ ಸೇರಿದೆ. ಏಳು ದನಗಳಿದ್ದ ಲಾರಿಯಲ್ಲಿ ಹದಿನೇಳಿದ್ದುವೆಂದು ಬರೆಸುವುದು, ಕಾಣದುದನ್ನು ಕಂಡೆನೆಂದು ಸಾಕ್ಷಿ ಹೇಳುವುದು, ಒಂದು ಜೀವವನ್ನು ಉಳಿಸುವ ನೆಪದಲ್ಲಿ ಇನ್ನೊಂದು ಪಾಪವನ್ನು ಕಟ್ಟಿಕೊಳ್ಳುವುದಾಗುತ್ತದೆ. ಸುಳ್ಳು ಸಾಕ್ಷಿ ಪಾಟೀಸವಾಲಿನಲ್ಲಿ ಒಡೆದುಹೋಗಿ, ನಿಜವಾದ ಮೊಕದ್ದಮೆಯೂ ಅದರೊಡನೆ ಬಿದ್ದುಹೋಗುವುದು ವ್ಯವಹಾರಸ್ಥರಿಗೆ ತಿಳಿಯದ ವಿಷಯವಲ್ಲ.

ದಾರಿಯಲ್ಲಿ ಲಾರಿ ತಡೆದು, ಚಾಲಕನನ್ನು ಎಳೆದು ಹೊಡೆಯುವವರೂ ತಾವು ಜೀವದಯೆಯ ಕಾರ್ಯ ಮಾಡುತ್ತಿರುವುದಾಗಿ ಹೇಳಿಕೊಳ್ಳುತ್ತಾರೆ. ಶ್ರಾವಕನು ಅಂಥವರೊಡನೆ ಕೂಡಬಾರದು. ಆ ಚಾಲಕನೂ ಪಂಚೇಂದ್ರಿಯ ಜೀವಿಯೇ. ಅವನ ರಕ್ತವೂ ರಕ್ತವೇ. ನ್ಯಾಯಾಲಯವೆಂಬುದು ಇರುವುದೇ ಇಂತಹ ಕೈಮೀರುವಿಕೆಯನ್ನು ತಪ್ಪಿಸುವುದಕ್ಕಾಗಿ. ಕಂಡ ಸಂಗತಿಯನ್ನು ಪೊಲೀಸರಿಗೆ ತಿಳಿಸಿ, ದೂರು ಬರೆದುಕೊಟ್ಟು, ಕರೆದ ದಿನ ಹೋಗಿ ನಿಜವನ್ನು ನುಡಿದು ಬರುವುದರಲ್ಲಿ ದ್ವೇಷಕ್ಕೆ ಎಡೆಯಿಲ್ಲ. ಆರೋಪಿಯು ತಪ್ಪೊಪ್ಪಿ, ಮುಂದೆ ಹೀಗೆ ಮಾಡೆನೆಂದು ನಿಂತರೆ, ಅವನಿಗೆ ಬೇರೆ ಉದ್ಯೋಗಕ್ಕೆ ದಾರಿ ತೋರಿಸುವಷ್ಟು ಮನಸ್ಸೂ ಇರಬೇಕು.

ತೀರ್ಪಿನ ಮರುದಿನ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರಬೇಕು. ಮೊಕದ್ದಮೆ ನಡೆಯುವಾಗ ಆ ಪ್ರಾಣಿ ಎಲ್ಲಿರುತ್ತದೆ? ಹಿಡಿದ ದನಗಳನ್ನು ಠಾಣೆಯ ಮುಂದಿನ ಬೇವಿನ ಮರಕ್ಕೆ ಎಷ್ಟು ದಿನ ಕಟ್ಟಿರಬಹುದು? ಸರ್ಕಸ್ಸಿನ ಪ್ರಕರಣದಲ್ಲಿ ತೀರ್ಪು ಬಂದ ಮೇಲೆ ಹುಲಿ ಸಿಂಹಗಳನ್ನು ಕಾಡಿಗೆ ಬಿಡುವಂತಿರಲಿಲ್ಲ. ಬೋನಿನಲ್ಲೇ ಹುಟ್ಟಿದ ಅವು ಬೇಟೆಯನ್ನು ಅರಿಯವು. ಬೆಂಗಳೂರಿನ ಬನ್ನೇರುಘಟ್ಟವೂ ಸೇರಿದಂತೆ ಹಲವು ಕಡೆ ರಕ್ಷಣಾ ಕೇಂದ್ರಗಳನ್ನು ತೆರೆದು ಅವು ಸಾಯುವವರೆಗೆ ಸಾಕಬೇಕಾಯಿತು. ನ್ಯಾಯಾಧೀಶರ ಲೇಖನಿ ಬಿಡುಗಡೆಯನ್ನು ಬರೆಯಬಲ್ಲುದು. ಮರುದಿನ ಬೆಳಿಗ್ಗೆ ಮೇವು ಹಾಕುವ ಕೈ ಬೇರೆ ಬೇಕು.

1960ರ ಕಾಯಿದೆಯ 35ನೆಯ ಕಲಮು ಇದಕ್ಕೆ ದಾರಿ ಮಾಡಿದೆ. ಮೊಕದ್ದಮೆಯಲ್ಲಿರುವ ಪ್ರಾಣಿಯನ್ನು ಚಿಕಿತ್ಸಾಲಯಕ್ಕೆ ಅಥವಾ ಪಿಂಜರಾಪೋಳಕ್ಕೆ ಕಳುಹಿಸಲು ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದು. ಪಿಂಜರಾಪೋಳವೆಂಬ ಶಬ್ದವೇ ಕಾಯಿದೆಯಲ್ಲಿ ಅಚ್ಚಾಗಿದೆ. ಗುಜರಾತ್ ರಾಜಸ್ಥಾನಗಳ ವರ್ತಕ ಸಮಾಜ ಮುದಿ ಪಶುಗಳಿಗಾಗಿ ಕಟ್ಟಿದ ಸಂಸ್ಥೆಯ ಹೆಸರು ದೇಶದ ಶಾಸನದೊಳಗೆ ಸೇರಿತೆಂಬುದು ಆ ಸಮಾಜಕ್ಕೆ ಸಂದ ಗೌರವವಾಗಿರುತ್ತದೆ. ಕರ್ನಾಟಕದಲ್ಲಿಯೂ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ನೂರು ವರ್ಷಗಳಿಗೂ ಹಿಂದಿನ ಪಿಂಜರಾಪೋಳ ಸಂಸ್ಥೆಯಿದೆ. ಆದರೆ ಹತ್ತಿರದಲ್ಲಿ ಇಂತಹ ಸಂಸ್ಥೆಯಿಲ್ಲದ ತಾಲೂಕುಗಳಲ್ಲಿ ಮ್ಯಾಜಿಸ್ಟ್ರೇಟರು ಮನಸ್ಸು ಮಾಡಿದರೂ ಪ್ರಾಣಿಯನ್ನು ಕಳುಹಿಸಲು ಸ್ಥಳವಿಲ್ಲ. ಆಗ ಅದು ಯಾರ ಕೈಯಿಂದ ಬಂದಿತೋ ಅದೇ ಕೈಗೆ ಹಿಂತಿರುಗುವ ಸಂಭವವಿರುತ್ತದೆ. ಕೋರ್ಟಿನ ಜಯವು ಮೇವಿಲ್ಲದ ಕಾರಣದಿಂದ ಸೋಲಾಗುವುದು ಹೀಗೆ.

ಆದುದರಿಂದ ಪ್ರತಿಯೊಂದು ಬಸದಿಯ ಆಡಳಿತ ಮಂಡಲಿಯೂ ಮಾಡಬಹುದಾದ ಕೆಲವು ಕಾರ್ಯಗಳಿವೆ. ಸಮಾಜದ ಯುವಕರಲ್ಲಿ ಇಬ್ಬರು ಮೂವರು ಕಾಯಿದೆಯ ಹನ್ನೊಂದನೆಯ ಕಲಮನ್ನೂ ಸಾಗಾಣಿಕೆಯ ನಿಯಮಗಳನ್ನೂ ಓದಿ ತಿಳಿದಿರಬೇಕು. ಈ ಕಲಮಿನ ಬಹುತೇಕ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಆಜ್ಞೆಯಿಲ್ಲದೆ ಪೊಲೀಸರು ತಾವಾಗಿ ತನಿಖೆ ನಡೆಸಲಾರರು. ದೂರು ಕೊಡುವವರು ಬೇಕು. ಕಾಯಿದೆಯಂತೆ ಕೃತ್ಯ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕಾದುದರಿಂದ ತಡಮಾಡಲಾಗದು. ಸಮಾಜದಲ್ಲಿ ವಕೀಲರಿದ್ದರೆ ವರ್ಷಕ್ಕೆ ಒಂದೆರಡು ಮೊಕದ್ದಮೆಗಳನ್ನು ಫೀಜಿಲ್ಲದೆ ನಡ��ಸಿಕೊಡುವುದು ಜ್ಞಾನದಾನಕ್ಕೂ ಅಭಯದಾನಕ್ಕೂ ಸಮನಾದ ಪುಣ್ಯಕಾರ್ಯ. ಪಶುವೈದ್ಯರಿದ್ದರೆ ಅವರು ಕೊಡುವ ಪ್ರಮಾಣಪತ್ರವೇ ಮೂಕಪ್ರಾಣಿಯ ಹೇಳಿಕೆಯಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾಗಿ, ಬಸದಿಯ ಜಮೀನಿನಲ್ಲಿ ಒಂದೆರಡು ಎಕರೆಯನ್ನು ಮೇವಿಗೆ ಬಿಟ್ಟು, ಹತ್ತು ದನಗಳಿಗೆ ಸಾಕಾಗುವ ಕೊಟ್ಟಿಗೆಯನ್ನಾದರೂ ಕಟ್ಟಬೇಕು. ಅಲ್ಲಿಗೆ ಬರುವ ಪ್ರಾಣಿಗಳ ಲೆಕ್ಕವನ್ನು ಬಸದಿಯ ಜಮಾ-ಖರ್ಚಿನಷ್ಟೇ ಶುದ್ಧವಾಗಿ ಬರೆದಿಡಬೇಕು. ಮ್ಯಾಜಿಸ್ಟ್ರೇಟರು ಕೇಳಿದಾಗ ಪುಸ್ತಕ ತೆರೆದು ತೋರಿಸುವಂತಿರಬೇಕು. ಬುಕ್ಕರಾಯನ ಕಾಲದಲ್ಲಿ ಮನೆಗೊಂದು ಹಣದಂತೆ ಎತ್ತಿ ದೇವರ ಕಾವಲಿಗೂ ಜೀರ್ಣೋದ್ಧಾರಕ್ಕೂ ಒದಗಿಸಿದ ಪರಂಪರೆ ಈ ನೆಲದಲ್ಲಿದೆ. ಅದೇ ಕ್ರಮದಲ್ಲಿ ಮನೆಗೊಂದು ದಿನದ ಮೇವಿನ ಖರ್ಚನ್ನು ವರ್ಷಕ್ಕೊಮ್ಮೆ ಎತ್ತಿದರೆ, ದೊಡ್ಡ ದಾನಿಗಳ ದಾರಿ ಕಾಯದೆ ಈ ಕಾರ್ಯ ನಡೆದೀತು. ಪ್ರತಿಷ್ಠೆಯ ಕಲಶಗಳ ಸವಾಲಿನಲ್ಲಿ ಉದಾರವಾಗಿ ಕೂಗುವ ಸಮಾಜಕ್ಕೆ ಇದು ಭಾರವಾಗಲಾರದು.

ಧರ್ಮಬಂಧುಗಳೇ, ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ಕೋರ್ಟಿನ ಮೆಟ್ಟಲು ಹತ್ತಿ ನಿಜವನ್ನು ನುಡಿದು ಒಂದು ಜೀವವನ್ನು ಬಿಡಿಸುವುದು ಅಭಯದಾನ. ಬಿಡಿಸಿದ ಜೀವಕ್ಕೆ ಮೇವು ನೀರು ಕೊಡುವುದು ಆಹಾರದಾನ. ಅದರ ಹುಣ್ಣಿಗೆ ಮದ್ದು ಹಚ್ಚಿಸುವುದು ಔಷಧದಾನ. ಕಾಯಿದೆಯನ್ನು ತಾನು ತಿಳಿದು ಇತರರಿಗೆ ತಿಳಿಸುವುದು ಶಾಸ್ತ್ರದಾನಕ್ಕೆ ಸಮೀಪವಾದುದು. ಒಂದೇ ಎತ್ತಿನಿಂದ ನಾಲ್ಕು ದಾನಗಳ ಫಲವೂ ಕೈಗೂಡುವ ಅವಕಾಶವಿದು.

ನೂತನ ಬಸದಿಯಲ್ಲಿ ಭಗವಂತನ ಪ್ರತಿಷ್ಠೆ ಸಾಂಗವಾಗಿ ನೆರವೇರಿದೆ. ಸಮವಸರಣದಲ್ಲಿ ತಿರ್ಯಂಚರಿಗೆ ಕೋಷ್ಠವಿದ್ದಂತೆ, ಈ ಬಸದಿಯ ಬಳಿಯಲ್ಲಿಯೂ ಅವುಗಳಿಗೆ ಒಂದು ಕೊಟ್ಟಿಗೆ ಏಳಲಿ ಎಂದು ಪ್ರಾರ್ಥಿಸಿ ಈ ಉಪನ್ಯಾಸವನ್ನು ಮುಗಿಸಲಾಗಿದೆ. ಜೈ ಜಿನೇಂದ್ರ.